ನೂರಾ ಮೂವತ್ತು ಕಿಲೋಮೀಟರ್ ಬಳಗ

ದೀಪಾವಳಿ ಮುಗಿದ ನಾಲ್ಕನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಸಪನಾ ಬೆವರೊರೆಸಿಕೊಳ್ಳುತ್ತ, ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದಳು. ಶೇಡಬಾಳದ ಆ ಮನೆಯಲ್ಲಿ ರೊಟ್ಟಿಯ ಹಂಚು ಇನ್ನೂ ಒಲೆಯೇರಿರಲಿಲ್ಲ. ಅತ್ತೆ ಸತ್ತೆವ್ವ ಜೋಳದ ಹಿಟ್ಟಿನ ಪರಾತವನ್ನು ಮುಂದಿಟ್ಟುಕೊಂಡು, ಹಿಟ್ಟಿಗೆ ಕೈ ಹಚ್ಚದೆ ಕುಳಿತಿದ್ದಳು.

"ಬಂದೇನವಾ? ಬಾ. ಊರ ಮಂದಿ ಎಲ್ಲಾ ನೋಡ್ಯಾರ, ನಾ ಒಬ್ಬಾಕಿ ನೋಡೂದು ಉಳದಿತ್ತು."

"ಇವತ್ತ ಹನ್ನೆರಡು ಕಿಲೋಮೀಟರ್ ಆತ್ರಿ ಅತ್ತಿ," ಎಂದಳು ಸಪನಾ.

"ಇಷ್ಟೊತ್ತಿಗೆ ಹನ್ನೆರಡು ಭಕ್ರಿ ಆಗಬೇಕಿತ್ತು."

ಕಟ್ಟೆಯ ಮೇಲೆ ಮೊಮ್ಮಗಳ ಜಡೆ ಹಾಕುತ್ತಿದ್ದ ಮಾವ ದುರಗಪ್ಪ ನಗು ತಡೆಯಲಾರದೆ ಕೆಮ್ಮಿದ. ಎಂಟು ವರ್ಷದ ಮಯೂರಿ ಅಜ್ಜಿಯ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಮುಂದೇನಾಗುತ್ತದೆ ಎಂಬುದು ಗೊತ್ತಾಗಿ ಎರಡೂ ಕಿವಿಯ ಹಿಂದಿದ್ದ ಶ್ರವಣ ಯಂತ್ರಗಳನ್ನು ಬಂದ್ ಮಾಡಿ ಆರಾಮಾಗಿ ಕುಳಿತಳು. ಆ ಮನೆಯಲ್ಲಿ ಜಗಳದಿಂದ ತಪ್ಪಿಸಿಕೊಳ್ಳುವ ಸೌಲಭ್ಯವಿದ್ದದ್ದು ಅವಳಿಗೊಬ್ಬಳಿಗೇ.

ಜಗಳದ ಮೂಲವೂ ಆ ಯಂತ್ರಗಳಲ್ಲೇ ಇತ್ತು. ಮಯೂರಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದೆ, ಅದೂ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಯಂತ್ರವನ್ನು ಹೊಂದಿಸಿದರೆ ಮಾತ್ರ. ಅವಳು ಹೋಗುತ್ತಿದ್ದ ಅಥಣಿಯ ಕಿವುಡ ಮಕ್ಕಳ ಶಾಲೆಯಲ್ಲಿ ಪರೀಕ್ಷೆಯ ಸೌಲಭ್ಯವಿರಲಿಲ್ಲ. ಗಡಿಯಾಚೆಯ ಮೀರಜದ ಆಸ್ಪತ್ರೆಗೆ ಹೋಗಬೇಕು, ಚೀಟಿ ಹಚ್ಚಬೇಕು, ದಿನವಿಡೀ ಕಾಯಬೇಕು. ಹೋದ ವರ್ಷ ಒಂದು ಸಲ ಹೋಗುವುದು ತಪ್ಪಿ ನಾಲ್ಕು ತಿಂಗಳು ಮಗುವಿಗೆ ಅರ್ಧ ಮಾತೇ ಕೇಳಿಸಿತ್ತು. ಎರಡನೆಯ ತರಗತಿಯ ಪಾಠವೂ ಅರ್ಧವೇ ತಲೆಗೆ ಹೋಯಿತು. ಅದು ಮನೆಯವರಿಗೆ ತಿಳಿದದ್ದು ವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂದಾಗ.

ಶಾಲೆಯ ಕಾರ್ಯದರ್ಶಿ ಶೀತಲ್ ಸರ್ ಈ ವರ್ಷ ಶಾಲೆಯಲ್ಲೇ ತಪಾಸಣೆ ಕೋಣೆ ಮಾಡಲು ಹೊರಟಿದ್ದರು. ಅದಕ್ಕಾಗಿ ಜನವರಿಯ ಕೊನೆಯ ಭಾನುವಾರ ಸೈಕಲ್ ಸವಾರಿ ಇಟ್ಟರು. ಕಾಗವಾಡದಿಂದ ಅಥಣಿ, ರಾಯಬಾಗ, ಚಿಕ್ಕೋಡಿ ಹಾದು ನಿಪ್ಪಾಣಿಗೆ, ಸುಮಾರು ನೂರಾ ಮೂವತ್ತು ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಆರರೊಳಗೆ ಮುಟ್ಟಬೇಕು. ಹನ್ನೆರಡು ಸವಾರರು, ಒಬ್ಬೊಬ್ಬರಿಗೆ ಒಬ್ಬೊಬ್ಬ ದಾನಿ. ಒಬ್ಬ ದಾನಿ ಬಾಗಿಲು ಕೊಡುವವನು, ಇನ್ನೊಬ್ಬ ಗೋಡೆಗೆ ಹಚ್ಚುವ, ಸದ್ದು ತಡೆಯುವ ಹಾಸು ಕೊಡುವವನು. ಸವಾರ ಹೊತ್ತಿಗೆ ಮುಟ್ಟದಿದ್ದರೆ ಅವನ ದಾನಿ ಕೊಡುವುದಿಲ್ಲ. ಪಾಲಕರ ಸಭೆಯಲ್ಲಿ ಸರ್ "ಯಾರು ಬರ್ತೀರಿ?" ಎಂದು ಕೇಳಿದಾಗ ಅಪ್ಪಂದಿರೆಲ್ಲ ತಲೆ ಎತ್ತಿ ಫ್ಯಾನ್ ನೋಡಿದರು. ಹೊರಗಿನ ಹನ್ನೊಂದು ಸವಾರರು ಆಗಲೇ ಗೊತ್ತಾಗಿದ್ದರು; ಉಳಿದ ಒಂದು ಜಾಗಕ್ಕೆ ಸಪನಾ ಕೈ ಎತ್ತಿದಳು. ಅವಳ ಪಾಲಿಗೆ ಬಂದ ದಾನಿ ನಿಪ್ಪಾಣಿಯ ಒಬ್ಬ ವ್ಯಾಪಾರಿ. ಆತ ಕೊಡಬೇಕಾದದ್ದು ತಪಾಸಣೆಯ ಯಂತ್ರವನ್ನೇ. ಉಳಿದ ಹನ್ನೊಂದು ಮಂದಿ ಮುಟ್ಟಿ ಸಪನಾ ಮುಟ್ಟದಿದ್ದರೆ ಶಾಲೆಗೆ ಚೆಂದದ ಖಾಲಿ ಕೋಣೆಯೊಂದು ಸಿಗುತ್ತಿತ್ತು.

"ಆರೋಗ್ಯ ಕೇಂದ್ರದಾಗ ದಿನಾ ಮಂದಿ ರಕ್ತ ತಗದು ಪರೀಕ್ಷಾ ಮಾಡಾಕಿ ನೀ," ಎಂದಳು ಸತ್ತೆವ್ವ. "ನಿನ್ನ ಮೈಯಾಗ ರಕ್ತ ಎಷ್ಟೈತಿ ಅಂತ ನೋಡಕೊಂಡಿಯೇನು?"

"ಹನ್ನೆರಡೂವರಿ ಐತ್ರಿ. ಹೋದ ವಾರ ನೋಡೇನಿ."

ಸತ್ತೆವ್ವ ಪರಾತವನ್ನು ಸಪನಾಳ ಕಡೆ ಸರಿಸಲು ಹೋದಳು. ಅಷ್ಟರಲ್ಲಿ ಒಳಗಿನಿಂದ ಬಂದ ಮಗ ಸಮಾಧಾನ ತೋಳೇರಿಸಿಕೊಂಡು ಪರಾತದ ಮುಂದೆ ಕುಳಿತ. ಸಪನಾಳ ಗಂಡ ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಕಂಬ ಹತ್ತಿ ಇಳಿದು ಮೊಣಕಾಲು ಕೆಡಿಸಿಕೊಂಡಿದ್ದರಿಂದ ಸೈಕಲ್ ಅವನ ಕೈಲಾಗುವ ಮಾತಲ್ಲ.

"ನಾಳಿಂದ ಮುಂಜಾನಿ ಭಕ್ರಿ ನಂದು," ಎಂದ. "ಸಪನಾ ಸೈಕಲ್ ಹೊಡೀಲಿ."

"ನೀ ತಟ್ಟಿದ ಭಕ್ರಿ ತಿನ್ನೂದಕ್ಕಿಂತ ಉಪಾಸ ಇರತೇನಿ," ಎಂದಳು ತಾಯಿ.

ಮೊದಲ ವಾರದ ಭಕ್ರಿಗಳಲ್ಲಿ ಒಂದೂ ದುಂಡಗಿರಲಿಲ್ಲ. ದುರಗಪ್ಪ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, "ಇದು ಯಾವ ತಾಲೂಕ ಐತಿ?" ಎಂದು ಕೇಳಿಯೇ ತಿನ್ನುತ್ತಿದ್ದ. ಸತ್ತೆವ್ವ ಎರಡು ದಿನ ಅವಲಕ್ಕಿ ತಿಂದು ಮೂರನೆಯ ದಿನ ಮಗನ ಪಕ್ಕ ಕುಳಿತು, "ನೀರು ಕಡಿಮಿ ಹಾಕ, ಹುಚ್ಚಾ," ಎಂದು ಹೇಳಿಕೊಡತೊಡಗಿದಳು.

ತಾಲೀಮಿನ ಹೊಣೆಯನ್ನು ದುರಗಪ್ಪ ವಹಿಸಿಕೊಂಡ. ಮೂವತ್ತೊಂದು ವರ್ಷ ಪೋಸ್ಟಮನ್ ಆಗಿ ಸೈಕಲ್ ಮೇಲೆ ಟಪಾಲು ಹಂಚಿದವನು ಅವನು. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ರಸ್ತೆ ಬರೆದ, ಗುರುತು ಹಾಕಿದ, ಸೊಸೆಯನ್ನು ಕರೆದು ತೋರಿಸಿದ.

"ನೋಡ ಸಪನಾ. ಹೆಣ್ಮಗಳು ಒಬ್ಬಾಕಿ ರಸ್ತೇಕ. ಪಂಕ್ಚರ್ ಆತು, ನೀರಡಿಕಿ ಆತು, ಎಲ್ಲಿ ನಿಲ್ಲತಿ? ಅದಕ್ಕ ಏಳೆಂಟು ಕಿಲೋಮೀಟರಿಗೆ ಒಂದರಂಗ ನಮ್ಮ ಮಂದಿ ಮನಿ ಹಿಡದೇನಿ. ಉಗಾರದಾಗ ಮಲಕಾರಿ ಮನಿ, ಕುಡಚಿಯಾಗ ನಿಮ್ಮ ಅತ್ತಿ ತಮ್ಮನ ಮನಿ, ನಡುವ ತೋಟದಾಗ ಎರಡು ಮನಿ, ರಾಯಬಾಗದಾಗ ನಮ್ಮ ಅಕ್ಕನ ಮನಿ. ಹೋಗಿ ಬಂದ್ರ ಅರವತ್ತು."

"ಭಾಳ ಚಲೋ ಆತ್ರಿ ಮಾವಾರ," ಎಂದಳು ಸಪನಾ. ಆ ಯೋಜನೆಯಲ್ಲಿದ್ದ ತಪ್ಪು ಆಗ ಇಬ್ಬರಿಗೂ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟ ಸಪನಾ ಏಳೂವರೆಗೆ ಉಗಾರದಲ್ಲಿ ಮಲಕಾರಿಯ ಅಂಗಳದಲ್ಲಿದ್ದಳು. ಬಾಟಲಿಗೆ ನೀರು ತುಂಬಿಸಿಕೊಂಡು ಹೊರಡುವ ವಿಚಾರ ಅವಳದು. ಮನೆಯ ಸೊಸೆ ಮೊದಲ ಸಲ ಒಬ್ಬಳೇ ಬಾಗಿಲಿಗೆ ಬಂದಿದ್ದಾಳೆ, ನೀರು ಕೊಟ್ಟು ಕಳಿಸುವುದುಂಟೇ? ಚಾ ಬಂತು, ಅವಲಕ್ಕಿ ಬಂತು. ಹೊರಡಲು ಎದ್ದರೆ ಮಲಕಾರಿಯ ಹೆಂಡತಿ ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಹಾಕಿ ಉಡಿ ತುಂಬಿದಳು. ಕುಡಚಿಯಲ್ಲಿ ಉಪ್ಪಿಟ್ಟು, ಚಾ, ಉಡಿ. ತೋಟದ ಎರಡು ಮನೆಗಳಲ್ಲಿ ಕಬ್ಬಿನ ಹಾಲು, ಶಿರಾ, ಮತ್ತೆರಡು ಉಡಿ. ರಾಯಬಾಗದಲ್ಲಿ ದುರಗಪ್ಪನ ಅಕ್ಕ ಲಕ್ಷ್ಮಿಬಾಯಿ ಹೋಳಿಗೆಗೆ ಹೂರಣ ರುಬ್ಬುತ್ತ ಕುಳಿತಿದ್ದಳು.

"ಆತ್ಯಾ, ನನಗ ವಾಪಸ್ ಹೋಗಬೇಕ್ರಿ. ಹೊಟ್ಟಿ ತುಂಬ ತಿಂದ್ರ ಕಾಲು ಆಡೂದಿಲ್ಲ."

"ಕಾಲಿಗೆ ಯಾರು ಹಾಕಾಕತ್ತಾರ? ಬಾಯಿಗೆ ಹಾಕಾಕತ್ತೇನಿ. ಕುಂದರ."

ಸಂಜೆ ಐದಕ್ಕೆ ಸಪನಾ ಮನೆ ಮುಟ್ಟಿದಾಗ ಸೈಕಲ್ಲಿನ ಹಿಂದೆ ಎರಡು ಚೀಲಗಳು ಜೋತಾಡುತ್ತಿದ್ದವು. ಸಮಾಧಾನ ಒಂದೊಂದೇ ತೆಗೆದು ಕಟ್ಟೆಯ ಮೇಲಿಟ್ಟ. ಐದು ತೆಂಗಿನಕಾಯಿ, ಐದು ಖಣ, ಎರಡೂವರೆ ಕಿಲೋ ಅಕ್ಕಿ. ಸೈಕಲ್ಲಿಗೆ ಕಟ್ಟಿದ್ದ ಮೀಟರ್ ನೋಡಿದ.

"ಹತ್ತು ತಾಸಿನಾಗ ಸೈಕಲ್ ಹೊಡದದ್ದು ನಾಕೂವರಿ ತಾಸು. ಉಳಿದದ್ದು?"

"ಮಣಿ ಮ್ಯಾಲ," ಎಂದಳು ಸಪನಾ, ಕಾಲು ಚಾಚಿ.

ಆದರೆ ಆ ದಿನ ಮನೆಯಲ್ಲಿ ಎಲ್ಲರಿಗಿಂತ ಖುಷಿಯಾಗಿದ್ದವಳು ಸತ್ತೆವ್ವ. ಖಣಗಳನ್ನು ಬಿಚ್ಚಿ, ಅಂಚು ಮುಟ್ಟಿ ನೋಡಿ, ಯಾರು ಯಾವುದನ್ನು ಕೊಟ್ಟರೆಂದು ಕೇಳಿ ತಿಳಿದುಕೊಂಡಳು. "ನಮ್ಮ ಮಂದಿ ಮರ್ಯಾದಿ ಮಾಡ್ಯಾರ ನೋಡು. ಹೊಡೀವಾ, ಸೈಕಲ್ ಹೊಡಿ. ಮುಂದಿನ ವಾರ ಕೊಕಟನೂರಿಗೆ ಹೋಗು, ನಮ್ಮ ತಂಗಿ ಹಾದಿ ನೋಡಾಕತ್ತಾಳ."

"ಅತ್ತಿ, ಇನ್ನ ಮ್ಯಾಲ ನಾ ಎಲ್ಲೂ ನಿಲ್ಲೂದಿಲ್ರಿ."

ಸತ್ತೆವ್ವನ ಕೈಯಲ್ಲಿದ್ದ ಖಣ ಅಲ್ಲೇ ಉಳಿಯಿತು. "ಏನಂದಿ?"

"ಹಿಂಗ ನಿಂತ್ರ ನಿಪ್ಪಾಣಿ ಮುಟ್ಟೂದು ಯುಗಾದಿಗೆ."

ದುರಗಪ್ಪ ಕ್ಯಾಲೆಂಡರಿನ ಹಾಳೆಯನ್ನು ಮಡಚಿ ಜೇಬಿಗಿಟ್ಟ. "ಪೋಸ್ಟಮನ್ ಬಾಗಿಲದಾಗ ನಿಂತ ಚಾ ಕುಡದು ಹೋಗಬಹುದು," ಎಂದ ಪೆಚ್ಚಾಗಿ. "ಸೊಸಿಗೆ ಆಗೂದಿಲ್ಲ. ನನಗ ಹೊಳೀಲಿಲ್ಲ."

ಮುಂದಿನ ಭಾನುವಾರ ಸಪನಾ ಅದೇ ರಸ್ತೆಯಲ್ಲಿ ಹೋಗಿ, ಎಲ್ಲಿಯೂ ನಿಲ್ಲದೆ, ಮಧ್ಯಾಹ್ನ ಹನ್ನೆರಡರೊಳಗೆ ವಾಪಸ್ಸಾದಳು. ಅರವತ್ತು ಕಿಲೋಮೀಟರ್, ನಾಲ್ಕು ತಾಸು ಮುಕ್ಕಾಲು. ಅವಳು ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾಗ ಸತ್ತೆವ್ವನ ಫೋನ್ ರಿಂಗಾಯಿತು. ಲಕ್ಷ್ಮಿಬಾಯಿಯ ದನಿಗೆ ಸ್ಪೀಕರ್ ಹಾಕುವ ಅಗತ್ಯವಿರಲಿಲ್ಲ.

"ನಿನ್ನ ಸೊಸಿ ನನ್ನ ಬಾಗಿಲದಾಗಿಂದ ತಲಿಗೆ ಬುಟ್ಟಿ ಹಾಕ್ಕೊಂಡ ಹೋದ್ಲು. 'ಏ ಸಪನಾ' ಅಂತ ಕೂಗೇನಿ. ತಿರಗಿ ಸೈತ ನೋಡಲಿಲ್ಲ! ಓಣಿ ಹೆಣ್ಮಕ್ಕಳ ಮುಂದ ನನ್ನ ಮಾರಿ ಏನಾತು?"

"ಹೆಲ್ಮೆಟ್‌ದಾಗ ಕೇಳಸಿಲ್ರಿ ಅಕ್ಕಾರ…"

"ಕೇಳಸಲಿಲ್ಲೋ, ಬ್ಯಾಡಾತೋ? ಆತು. ನಾ ಇನ್ನ ನಿಮ್ಮ ಮನಿ ಹೊಸ್ತಿಲ ತುಳಿಯಂಗಿಲ್ಲ."

ಆ ಮಧ್ಯಾಹ್ನದ ಊಟಕ್ಕೆ ಕಡಲೆಹಿಟ್ಟಿನ ಝುಣಕವಿತ್ತು, ಸಮಾಧಾನನ ಭಕ್ರಿ ಮೊದಲ ಸಲ ದುಂಡಗಾಗಿತ್ತು. ಯಾರೂ ಅದನ್ನು ಹೊಗಳಲಿಲ್ಲ.

"ನಲವತ್ತು ವರ್ಷದ ಬಳಗ ನಾಕು ವಾರದಾಗ ಮುರದಿ," ಎಂದಳು ಸತ್ತೆವ್ವ.

"ಬಳಗಾ ಉಳಿಸಾಕ ಹೋದ್ರ ಯಂತ್ರ ಹೋಗ್ತೈತ್ರಿ."

"ಯಂತ್ರ ಯಂತ್ರ! ಮೀರಜಾ ಏನ ಸಮುದ್ರದಾಚಿ ಐತೇನು? ಬಸ್ಸಿಗೆ ಕುಂತ್ರ ಒಂದು ತಾಸು."

ಸಪನಾ ತಾಟು ಎತ್ತಿಕೊಂಡು ಎದ್ದುಹೋದಳು.

ಡಿಸೆಂಬರ್ ನಡುವೆ ಕಬ್ಬಿನ ಕಟಾವು ಜೋರಾಯಿತು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ, ರಸ್ತೆಯುದ್ದಕ್ಕೂ ಕಬ್ಬು ಚೆಲ್ಲುತ್ತ ಸಾಗುತ್ತಿದ್ದವು. ಒಂದು ದಿನ ಮಂಜಿನಲ್ಲಿ ಸಪನಾಳ ಮುಂದಿನ ಗಾಲಿ ಅಂಥದೊಂದು ಕಬ್ಬಿನ ಗಳದ ಮೇಲೆ ಹತ್ತಿ ಜಾರಿತು. ಬಲಗೈ ಊರಿ ಬಿದ್ದಳು. ಎಲುಬು ಮುರಿದಿರಲಿಲ್ಲ, ಮಣಿಕಟ್ಟು ಉಳುಕಿತ್ತು. ಎರಡು ವಾರ ಸೈಕಲ್ ಮುಟ್ಟಬಾರದೆಂದು ಡಾಕ್ಟರು ಪಟ್ಟಿ ಸುತ್ತಿ ಕಳಿಸಿದರು.

"ಬಿಡವಾ," ಎಂದಳು ಸತ್ತೆವ್ವ, ಸೊಸೆಗೆ ತುತ್ತು ಮಾಡಿ ಕೊಡುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ. "ಮುಂದಿನ ವರ್ಷ ನೋಡೂಣು."

"ಮುಂದಿನ ವರ್ಷ ಮಯೂರಿ ನಾಕನೇ ಕ್ಲಾಸಿನಾಗ ಇರತಾಳ್ರಿ ಅತ್ತಿ."

ಮಯೂರಿಯ ಕಿವಿ ಪರೀಕ್ಷೆಯ ಸರದಿ ಆ ವಾರವೇ ಬಂದಿತ್ತು. ಸಪನಾಳ ಕೈ ಕೊರಳಿಗೆ ಜೋತುಬಿದ್ದಿದ್ದರಿಂದ ಚೀಲ ಹಿಡಿಯಲೆಂದು ಸತ್ತೆವ್ವ ಜೊತೆಗೆ ಹೊರಟಳು. ಇಷ್ಟು ವರ್ಷ ಅವಳು ಮೀರಜಕ್ಕೆ ಹೋದದ್ದು ಸೀರೆಗೆ, ಲಗ್ನಕ್ಕೆ. ಆಸ್ಪತ್ರೆಗೆ ಮೊಮ್ಮಗಳೊಡನೆ ಹೋದದ್ದು ಇದೇ ಮೊದಲು. ಬೆಳಿಗ್ಗೆ ಎಂಟಕ್ಕೆ ಚೀಟಿ ಸಿಕ್ಕಿತು, ನಂಬರು ಐವತ್ತೇಳು. ಬೆಂಚು ತುಂಬಿತ್ತು, ನೆಲದ ಮೇಲೆ ಕುಳಿತರು. ಕಟ್ಟಿಕೊಂಡು ಬಂದ ಭಕ್ರಿ, ಶೇಂಗಾ ಹಿಂಡಿ ಚಟ್ನಿಯನ್ನು ಅಲ್ಲೇ ತಿಂದರು. ಮಯೂರಿ ಮೂರು ಸಲ ನಿದ್ದೆ ಹೋಗಿ ಮೂರು ಸಲ ಎದ್ದಳು. ನಾಲ್ಕು ಗಂಟೆಗೆ ಐವತ್ತೆರಡನೆಯ ನಂಬರು ಒಳಗೆ ಹೋಯಿತು, ಕಿಟಕಿ ಮುಚ್ಚಿತು.

"ಉದ್ಯಾ ಯಾ, ಮಾವಶಿ," ಎಂದ ಕಿಟಕಿಯ ಒಳಗಿನವನು ಮರಾಠಿಯಲ್ಲಿ.

"ನಾಳೆ ಬರಬೇಕಂತ?" ಸತ್ತೆವ್ವ ಸೊಸೆಯ ಕಡೆ ತಿರುಗಿದಳು. "ಹಂಗಾರ ಇವತ್ತ ಕುಂತದ್ದು?"

"ಇವತ್ತ ಕುಂತದ್ದು ಹೋತ್ರಿ. ನಾಳೆ ಹೊಸಾ ಚೀಟಿ."

"ಪ್ರತಿ ಸಲಾ ಹಿಂಗೇನು?"

"ಎರಡು ಸಲಕ್ಕೊಮ್ಮೆ."

ವಾಪಸ್ ಬರುವ ಬಸ್ಸಿನಲ್ಲಿ ಮಯೂರಿ ಸತ್ತೆವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕಾಗವಾಡ ದಾಟಿದ ಮೇಲೆ ಸತ್ತೆವ್ವ ಕೇಳಿದಳು.

"ಕೈ ಯಾವಾಗ ನೆಟ್ಟಗ ಆಗ್ತೈತಂತ?"

"ಇನ್ನ ಎಂಟು ದಿನ."

"ಎಂಟು ದಿನ ಕೈಗೆ. ಕಾಲಿಗೆ ಏನಾಗೇತಿ? ನಾಳಿಂದ ದಿಬ್ಬ ಹತ್ತಿ ಇಳಿ. ಭಕ್ರಿ ನಾವು ನೋಡಕೋತೇವಿ."

ಹೊಸ ವರ್ಷದ ಮೊದಲ ವಾರ ಪಟ್ಟಿ ಬಿಚ್ಚಿದರು. ಸಪನಾ ಇಪ್ಪತ್ತು, ನಲವತ್ತು, ಅರವತ್ತು ಕಿಲೋಮೀಟರಿನವರೆಗೆ ಮತ್ತೆ ಏರಿದಳು. ಆದರೆ ಅರವತ್ತು ದಾಟಿದರೆ ಮಣಿಕಟ್ಟು ಹಿಡಿಯುತ್ತಿತ್ತು. ದುರಗಪ್ಪ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಹ್ಯಾಂಡಲ್ಲಿಗೆ ಸುತ್ತಿಕೊಟ್ಟ. ಸತ್ತೆವ್ವ ಒಂದು ದಿನ ಯಾರಿಗೂ ಕಾರಣ ಹೇಳದೆ ರಾಯಬಾಗಕ್ಕೆ ಹೋಗಿ ಬಂದಳು. ಬಂದವಳ ಮುಖ ಹಗುರಾಗಿತ್ತು. "ಅಕ್ಕಾರ ಸಿಟ್ಟ ಬಿಟ್ಟಾರ," ಎಂದಷ್ಟೇ ಹೇಳಿದಳು.

ಉಳಿದರ್ಧವನ್ನು ಹೇಳಿದ್ದು ಸವಾರಿಗೆ ಮೂರು ದಿನ ಇರುವಾಗ, ಬೇಳೆಗೆ ಒಗ್ಗರಣೆ ಹಾಕುತ್ತ, ಸೊಸೆಗೆ ಬೆನ್ನು ಮಾಡಿ.

"ಒಂದು ಮಾತು ಕೊಟ್ಟ ಬಂದೇನಿ. ಆವತ್ತ ರಾಯಬಾಗದಾಗ ಐದ ನಿಮಿಷ ಕುಂತು ಉಡಿ ತುಂಬಿಸಿಕೊಂಡು ಹೋಗಬೇಕಂತ."

"ಅತ್ತಿ!"

"ಐದ ನಿಮಿಷ ಅಷ್ಟ."

"ಆತ್ಯಾನ ಐದ ನಿಮಿಷ ನನಗ ಗೊತ್ತಿಲ್ಲೇನ್ರಿ? ಹೂರಣ ರುಬ್ಬೂದರಿಂದ ಶುರು ಆಗ್ತೈತಿ."

"ಮಾತು ಕೊಡದಿದ್ರ ಆಕಿ ಆವತ್ತ ರಸ್ತೇಕ ಅಡ್ಡ ಮಲಗತಿದ್ಲು. ಅದಕ್ಕ ಎಷ್ಟ ನಿಮಿಷ ಹೋಗ್ತಿತ್ತು, ನೀನ ಹೇಳು."

ಒಳಗೆ ಗಣಿತ ಮಾಡುತ್ತಿದ್ದ ಮಯೂರಿಯ ಕೈ ಕಿವಿಯ ಹಿಂದೆ ಹೋಯಿತು. ಸಮಾಧಾನ ಅದನ್ನು ನೋಡಿ, "ನೋಡ್ರಿ, ಬಂದ್ ಮಾಡಿದ್ಲು," ಎಂದ. ಸಿಟ್ಟಿನಲ್ಲಿದ್ದ ಇಬ್ಬರಿಗೂ ನಗು ಬಂತು. ಜಗಳ ಅಲ್ಲಿಗೆ ನಿಂತಿತು, ಬಗೆಹರಿಯಲಿಲ್ಲ.

ಆ ಭಾನುವಾರ ಬೆಳಿಗ್ಗೆ ಆರಕ್ಕೆ ಕಾಗವಾಡದ ಬಸ್ ನಿಲ್ದಾಣದ ಮುಂದೆ ಹನ್ನೆರಡು ಸೈಕಲ್‌ಗಳು ನಿಂತವು. ಶೀತಲ್ ಸರ್ ಪ್ರತಿಯೊಬ್ಬರ ಕೈಗೆ ಒಂದು ಚೀಟಿ ಕೊಟ್ಟರು. ಯಾವ ಊರನ್ನು ಎಷ್ಟೊತ್ತಿಗೆ ದಾಟಿದರೆ ಆರರೊಳಗೆ ಮುಟ್ಟಬಹುದು ಎಂಬ ಅಂದಾಜು ಅದರಲ್ಲಿತ್ತು. ಪ್ರತಿ ತಾಲೂಕಿನಲ್ಲಿ ಅದಕ್ಕೊಂದು ಠಸ್ಸೆ ಬೀಳಬೇಕು. ಸಪನಾಳ ಹಿಂದೆ ಮೋಟರ್‌ಸೈಕಲ್ ಮೇಲೆ ಸಮಾಧಾನ ಬರುವವನಿದ್ದ. ದುರಗಪ್ಪ, ಸತ್ತೆವ್ವ, ಮಯೂರಿ ಮೊದಲ ಬಸ್ಸಿಗೇ ರಾಯಬಾಗಕ್ಕೆ ಹೋದರು.

ಅಥಣಿಯ ಠಸ್ಸೆ ಎಂಟು ಇಪ್ಪತ್ತಕ್ಕೆ ಬಿತ್ತು. ಶಾಲೆಯ ಮಕ್ಕಳು ರಸ್ತೆಯ ಎರಡೂ ಬದಿ ನಿಂತು, ಚಪ್ಪಾಳೆ ತಟ್ಟುವ ಬದಲು ಎರಡೂ ಕೈ ಮೇಲೆತ್ತಿ ಬೆರಳು ಅಲುಗಾಡಿಸಿದರು. ಅದು ಅವರ ಚಪ್ಪಾಳೆ. ಸಪನಾ ಹ್ಯಾಂಡಲ್ ಬಿಟ್ಟು ಕೈ ಎತ್ತಲು ಹೋಗಿ ಬೀಳುವುದರಲ್ಲಿದ್ದಳು.

ಅಥಣಿ ದಾಟಿದ ಮೇಲೆ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್ ಆಯಿತು. ಟ್ಯೂಬ್ ಬದಲಿಸಿ ಹೊರಟು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ಟಾಯರಿನೊಳಗೆ ಮುಳ್ಳಿನ ತುದಿ ಉಳಿದಿತ್ತು, ಸಮಾಧಾನ ಅದನ್ನು ಬೆರಳಾಡಿಸಿ ನೋಡಿರಲಿಲ್ಲ.

"ಭಕ್ರಿ ಕಲತ್ರಿ, ಪಂಕ್ಚರ್ ಕಲೀಲಿಲ್ಲ," ಎಂದಳು ಸಪನಾ.

"ಕರೆಂಟಿನ ಕೆಲಸಾ ಹೇಳು, ಮಾಡತೇನಿ," ಎಂದ ಅವನು, ಮುಳ್ಳನ್ನು ಹಲ್ಲಿನಿಂದ ಕಿತ್ತು.

ಕೃಷ್ಣಾ ನದಿಯ ಸೇತುವೆ ದಾಟುವಾಗ ಮಣಿಕಟ್ಟಿನಲ್ಲಿ ನೋವು ಶುರುವಾಗಿತ್ತು. ರಾಯಬಾಗವನ್ನು ಹನ್ನೆರಡೂವರೆಗೆ ದಾಟಬೇಕಿತ್ತು. ಊರ ಕಮಾನು ಕಂಡಾಗ ಒಂದು ಗಂಟೆ ಹತ್ತು ನಿಮಿಷ. ಉಳಿದ ಸವಾರರು ಯಾವಾಗಲೋ ಹೋಗಿದ್ದರು.

ಲಕ್ಷ್ಮಿಬಾಯಿ ಒಬ್ಬಳೇ ಇರಲಿಲ್ಲ. ಓಣಿಯೇ ರಸ್ತೆಗೆ ಬಂದಿತ್ತು. ಅವಳ ಒಂದು ಕೈಯಲ್ಲಿ ಆರತಿ ತಾಟು, ಇನ್ನೊಂದು ಕೈ ಸೈಕಲ್ಲಿನ ಹ್ಯಾಂಡಲ್ ಮೇಲೆ.

"ಇಳಿ. ಒಳಗ ಬಾ. ಎಲಿ ಹಾಕೇನಿ."

"ಆತ್ಯಾ, ನಲವತ್ತು ನಿಮಿಷ ತಡಾ ಆಗೇತ್ರಿ. ಇಳದ್ರ ಕಾಲು ಮತ್ತ ಏಳೂದಿಲ್ಲ. ಕೈ ಮುಗೀತೇನಿ."

"ಸತ್ತೆವ್ವ! ಏನ ಮಾತು ಕೊಟ್ಟಿದ್ದಿ?"

ಸಪನಾ ಅತ್ತೆಯ ಕಡೆ ನೋಡಿದಳು. ಸತ್ತೆವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಕುಂತು ಉಡಿ ತುಂಬಿಸಿಕೋತಾಳ ಅಂತ ಮಾತು ಕೊಟ್ಟಿದ್ದೆ ಅಕ್ಕಾರ. ಕುಂತಾಳ ನೋಡ್ರಿ."

"ಎಲ್ಲಿ?"

"ಸೈಕಲ್ ಸೀಟಿನ ಮ್ಯಾಲ. ಮಣಿ ಮ್ಯಾಲ ಕುಂದರಬೇಕಂತ ನೀವು ಅಂದಿರಲಿಲ್ಲ."

ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಲಕ್ಷ್ಮಿಬಾಯಿ ಸೀಟು ನೋಡಿದಳು, ಸಪನಾಳನ್ನು ನೋಡಿದಳು. ಸಪನಾಳ ತುಟಿ ಒಣಗಿ ಬಿರಿದಿತ್ತು, ಬಲ ಮಣಿಕಟ್ಟು ಊದಿತ್ತು.

"ಅಗಂ ಬಾಯಿ! ಅಷ್ಟ ಎತ್ತರ ಕುಂತ್ರ ನನ್ನ ಕೈ ಹೆಂಗ ಮುಟ್ಟಬೇಕು?" ಎಂದಳು. ಸಿಟ್ಟು ದನಿಯಲ್ಲೇ ಸೋಲುತ್ತಿತ್ತು. "ಏ ಮಹಾದೇವಾ, ಮಣಿ ತಾರ!"

ಮಗ ಮಹಾದೇವ ಮಣೆ ತಂದು ಡಾಂಬರಿನ ಮೇಲಿಟ್ಟ. ಸೊಸೆ ಕೂರಬೇಕಾದ ಮಣೆಯ ಮೇಲೆ ಅರವತ್ತೆಂಟು ವರ್ಷದ ಲಕ್ಷ್ಮಿಬಾಯಿ ಏರಿ ನಿಂತಳು. ದುರಗಪ್ಪ ಅಕ್ಕನ ರಟ್ಟೆ ಹಿಡಿದ, ಸಮಾಧಾನ ಸೈಕಲ್ ಹಿಡಿದ. ಹೆಲ್ಮೆಟ್ ಮೇಲೆ ಸರಿಸಿ ಕುಂಕುಮ ಹಚ್ಚಿದ್ದಾಯಿತು. ಟ್ರ್ಯಾಕ್ ಪ್ಯಾಂಟು ತೊಟ್ಟವಳಿಗೆ ಉಡಿಯೊಡ್ಡಲು ಸೆರಗಿಲ್ಲ.

"ನಂದು ಐತಿ," ಎಂದು ಸತ್ತೆವ್ವ ತನ್ನ ಸೆರಗನ್ನು ಸೊಸೆಯ ಮುಂದೆ ಹರವಿ ಹಿಡಿದಳು. ಅಕ್ಕಿ, ಕಾಯಿ, ಖಣ ಅದರಲ್ಲಿ ಬಿದ್ದವು. "ಹೊರೂದು ನಾನು. ನೀ ಹಗರಾಗಿ ಹೋಗು."

ಎಲ್ಲ ಸೇರಿ ನಾಲ್ಕು ನಿಮಿಷ. ಸಪನಾ ಬಗ್ಗಿ ನಮಸ್ಕಾರ ಮಾಡಲು ಹೋದರೆ ಲಕ್ಷ್ಮಿಬಾಯಿಯೇ ತಡೆದಳು.

"ಅದಕ್ಕೂ ಹೊತ್ತಾಗ್ತೈತಿ. ಹೋಗ, ಹೋಗ! ಮುಂದ ಎಷ್ಟು ಮನಿ ಅದಾವ?"

"ಚಿಕ್ಕೋಡಿ ತನಕ ಮೂರು," ಎಂದ ದುರಗಪ್ಪ. "ಎಲ್ಲಾರೂ ಆರತಿ ಹಿಡಕೊಂಡ ನಿಂತಾರಂತ."

"ಫೋನ್ ಹಚ್ಚು ಅವರಿಗೆ." ಲಕ್ಷ್ಮಿಬಾಯಿ ಮಣೆಯಿಂದ ಇಳಿಯದೆಯೇ ಫೋನ್ ಇಸಿದುಕೊಂಡಳು. ದಾರಿಯುದ್ದಕ್ಕೂ ಆ ಬಳಗದಲ್ಲಿ ಅವಳೇ ಹಿರಿಯಳು. "ಹಲೋ! ನಾ ರಾಯಬಾಗದಿಂದ. ಹಿರೇ ಮನಿ ಉಡಿ ಆಗೇತಿ, ಇನ್ನ ಯಾರೂ ನಿಲ್ಲಸಬ್ಯಾಡ್ರಿ. ಚಾ ಮಾಡಿದ್ರ ನೀವ ಕುಡೀರಿ. ರಸ್ತೇಕ ನಿಂತು ನೀರು ಕೊಡ್ರಿ. ನಿಲ್ಲಸಿದವರ ಮನಿಗೆ ನಾ ಬರಂಗಿಲ್ಲ, ತಿಳೀತ?"

ಅವಳ ಮಾತು ಸೈಕಲ್ಲಿಗಿಂತ ಮುಂದೆ ಹೋಯಿತು. ಮುಂದಿನ ಮೂರೂ ಊರುಗಳಲ್ಲಿ ಜನ ರಸ್ತೆಯ ಬದಿಗೆ ನಿಂತಿದ್ದರು, ಅಡ್ಡ ಯಾರೂ ಬರಲಿಲ್ಲ. ಒಬ್ಬರು ಓಡುತ್ತಲೇ ಬಾಟಲಿ ಕೊಟ್ಟರು, ಇನ್ನೊಬ್ಬರು ಸುಲಿದ ಬಾಳೆಹಣ್ಣನ್ನು ಬಾಯಿಗೇ ಹಿಡಿದರು. ಚಿಕ್ಕೋಡಿಯ ಏರಿನಲ್ಲಿ ಸಪನಾಳ ಕಾಲು ಸೋತಿತು. ಇಳಿದು ಮುನ್ನೂರು ಮೀಟರ್ ಸೈಕಲ್ ತಳ್ಳಿದಳು. ಹಿಂದಿನಿಂದ ಸಮಾಧಾನ ಅವಳ ನಡಿಗೆಯ ವೇಗಕ್ಕೆ ಗಾಡಿ ಓಡಿಸುತ್ತ ಬಂದ. ಮೂರು ಗಂಟೆ ಮೂವತ್ತೈದಕ್ಕೆ ಠಸ್ಸೆ ಬಿತ್ತು. ಇನ್ನು ಇಪ್ಪತ್ನಾಲ್ಕು ಕಿಲೋಮೀಟರ್.

ಕೊನೆಯ ಹತ್ತು ಕಿಲೋಮೀಟರಿನಲ್ಲಿ ಅವಳು ಎಡಗೈಯೊಂದರಿಂದಲೇ ಹ್ಯಾಂಡಲ್ ಹಿಡಿದಿದ್ದಳು. ಮಹಾದೇವನ ಗೂಡ್ಸ್ ಗಾಡಿ ಅವಳನ್ನು ದಾಟಿತು. ಗಾಡಿಯ ಹಿಂದೆ ಅತ್ತೆ, ಮಾವ, ಲಕ್ಷ್ಮಿಬಾಯಿ, ಮಯೂರಿ ನಿಂತು ಕೂಗಾಡುತ್ತಿದ್ದರು. ಮಯೂರಿ ಎರಡೂ ಕೈ ಮೇಲೆತ್ತಿ ಬೆರಳು ಅಲುಗಿಸುತ್ತಿದ್ದಳು. ಅದನ್ನು ನೋಡಿ ಉಳಿದ ಮೂವರು ಮುದುಕರೂ ಹಾಗೇ ಮಾಡಿದರು.

ನಿಪ್ಪಾಣಿಯಲ್ಲಿ ಶೀತಲ್ ಸರ್ ಗಡಿಯಾರ ಹಿಡಿದು ನಿಂತಿದ್ದರು. ಹನ್ನೊಂದು ಮಂದಿ ಬಂದಾಗಿತ್ತು.

"ಐದು ಐವತ್ತೊಂದು!" ಎಂದು ಕೂಗಿದರು.

ಸೈಕಲ್ಲಿನಿಂದ ಇಳಿಯುವುದು ಹೇಗೆಂದು ಸಪನಾಳಿಗೆ ಒಂದು ಕ್ಷಣ ಮರೆತುಹೋಗಿತ್ತು. ಸಮಾಧಾನ ಎತ್ತಿ ಇಳಿಸಿದ. ವ್ಯಾಪಾರಿ ಅವಳ ಚೀಟಿಯ ಐದೂ ಠಸ್ಸೆಗಳನ್ನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿ, "ಯಂತ್ರ ಕಳಸ್ತೀನ್ರಿ," ಎಂದ. ಅಷ್ಟೇ ಭಾಷಣ.

ಮಾರ್ಚ್ ಎರಡನೆಯ ವಾರ ಶಾಲೆಯಲ್ಲಿ ತಪಾಸಣೆ ಕೋಣೆ ಶುರುವಾಯಿತು. ಹದಿನೈದು ದಿನಕ್ಕೊಮ್ಮೆ ಸಾಂಗ್ಲಿಯಿಂದ ಬರಲು ಒಪ್ಪಿದ್ದ ತಜ್ಞೆ ಪ್ರಾಜಕ್ತಾ ಮೊದಲ ದಿನ ಆರು ಮಕ್ಕಳನ್ನು ಕರೆದಿದ್ದರು. ಆರು ಮಕ್ಕಳೊಂದಿಗೆ ಬಂದ ದೊಡ್ಡವರು ಹತ್ತೊಂಬತ್ತು, ಅದರಲ್ಲಿ ಐದು ಮಂದಿ ಮಯೂರಿಯ ಕಡೆಯವರು. ಲಕ್ಷ್ಮಿಬಾಯಿ ಡಬ್ಬಿಯಲ್ಲಿ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು.

"ಹತ್ತು ನಿಮಿಷ ಯಾರೂ ಮಾತಾಡಬ್ಯಾಡ್ರಿ," ಎಂದರು ಪ್ರಾಜಕ್ತಾ. "ನಿಮ್ಮ ಮಾತು ಕೋಣಿಯೊಳಗ ಹೋಗೂದಿಲ್ಲ ಖರೆ. ಹೊರಗ ಕುಂತ ನನಗ ಕೇಳಸ್ತೈತಿ."

ಗಾಜಿನಾಚೆ ಮಯೂರಿ ತನ್ನ ಯಂತ್ರಗಳನ್ನು ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತಳು. ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು. ಪ್ರಾಜಕ್ತಾ ಗುಂಡಿ ತಿರುಗಿಸಿದರು. ಕೈ ಎದ್ದಿತು. ಸದ್ದನ್ನು ಇನ್ನೂ ಸಣ್ಣದು ಮಾಡಿದರು. ಮತ್ತೆ ಎದ್ದಿತು.

ಸತ್ತೆವ್ವ ಸೊಸೆಯ ಕಿವಿಗೆ ಬಾಯಿ ತಂದಳು. "ಈಗ ಏನ ಸದ್ದಾತು? ನನಗ ಕೇಳಲಿಲ್ಲ."

"ನಮಗ ಕೇಳೂದಿಲ್ರಿ. ಒಳಗಷ್ಟ."

"ಆಕಿಗೆ ಕೇಳಾಕತ್ತೈತಿ?"

"ನೋಡ್ರಿ ನೀವ."

ಪ್ರಾಜಕ್ತಾ ಸದ್ದನ್ನು ಇನ್ನೊಂದು ಮೆಟ್ಟಿಲು ಇಳಿಸಿದರು. ಮಯೂರಿ ಹುಬ್ಬು ಗಂಟಿಕ್ಕಿ, ತಲೆ ಒಂದಿಷ್ಟು ವಾಲಿಸಿ ಕಾದಳು. ಬೆಂಚಿನ ಮೇಲಿದ್ದ ಐದೂ ಮಂದಿ ಉಸಿರು ಹಿಡಿದರು. ಒಳಗೆ ಪುಟ್ಟ ಕೈ ಎದ್ದಿತು. ಹೊರಗೆ ಸತ್ತೆವ್ವನ ಕೈಯೂ ಅದರ ಜೊತೆಗೇ ಎದ್ದಿತ್ತು.